ಬ್ರಿಟನ್ನಿನ ಆಸ್ಪತ್ರೆಯಲ್ಲಿ ಒಪ್ಪಿಗೆ ಯಾರದು?

ಇಂಗ್ಲೆಂಡಿನಲ್ಲಿ ನೆಲೆಸುವ ಕನ್ನಡಿಗರು ಜಿಪಿಯ (ಬಡಾವಣೆಯ ಸಾಮಾನ್ಯ ವೈದ್ಯರ) ಬಳಿ ಹೆಸರು ನೋಂದಾಯಿಸುವುದನ್ನೂ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಆಸ್ಪತ್ರೆಗೆ ಹೋಗುವ ದಾರಿಯನ್ನೂ ಬೇಗ ತಿಳಿದುಕೊಳ್ಳುತ್ತಾರೆ. ಚಿಕಿತ್ಸೆಗೆ ಒಪ್ಪಿಗೆ ಕೊಡುವ ಹಕ್ಕು ಯಾರದು ಎಂಬ ಪ್ರಶ್ನೆ ಮಾತ್ರ ಮನೆಯಲ್ಲೊಬ್ಬರಿಗೆ ಗಂಭೀರ ಕಾಯಿಲೆ ಬಂದಾಗಲೇ ಎದುರಾಗುತ್ತದೆ, ಆಗ ಯೋಚಿಸಲು ಸಮಯವಿರುವುದಿಲ್ಲ.

ಇಲ್ಲಿನ ಕಾನೂನಿನ ಪ್ರಕಾರ ವಯಸ್ಕ ರೋಗಿಯ ಒಪ್ಪಿಗೆ ಆ ರೋಗಿಯದೇ. ಗಂಡ, ಹೆಂಡತಿ, ಹಿರಿಯ ಮಗ ಯಾರೂ ಅವರ ಪರವಾಗಿ ಸಹಿ ಹಾಕುವಂತಿಲ್ಲ. ‘ಅಪ್ಪನಿಗೆ ಕ್ಯಾನ್ಸರ್ ಎಂದು ಹೇಳಬೇಡಿ, ನಮಗೆ ಮಾತ್ರ ತಿಳಿಸಿ’ ಎಂದು ಮಕ್ಕಳು ಪ್ರೀತಿಯಿಂದಲೇ ಕೇಳಿಕೊಂಡರೂ ವೈದ್ಯರು ಅದನ್ನು ಒಪ್ಪುವುದು ಕಷ್ಟ, ಏಕೆಂದರೆ ಬಂಧುಗಳ ಕೋರಿಕೆಯ ಮೇಲೆ ರೋಗಿಯಿಂದ ವಿಷಯ ಮುಚ್ಚಿಡಬಾರದೆಂದು ವೈದ್ಯರ ನಿಯಂತ್ರಣ ಸಂಸ್ಥೆಯಾದ ಜನರಲ್ ಮೆಡಿಕಲ್ ಕೌನ್ಸಿಲ್ ತನ್ನ ಮಾರ್ಗಸೂಚಿಯಲ್ಲಿ ಹೇಳುತ್ತದೆ. ವಿವರ ತಿಳಿಯುವುದು ಬೇಡವೆಂದು ರೋಗಿಯೇ ಹೇಳಿದರೆ ಅದು ಬೇರೆ ಮಾತು. 2015ರಲ್ಲಿ ಮಾಂಟ್ಗೊಮರಿ ಪ್ರಕರಣದ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ರೋಗಿಯ ಸ್ಥಾನದಲ್ಲಿರುವ ವ್ಯಕ್ತಿಗೆ ಮುಖ್ಯವೆನಿಸಬಹುದಾದ ಅಪಾಯಗಳನ್ನೂ ಬೇರೆ ಚಿಕಿತ್ಸೆಗಳ ಸಾಧ್ಯತೆಯನ್ನೂ ವೈದ್ಯರು ವಿವರಿಸಲೇಬೇಕು ಎಂದಿತು. ಆದ್ದರಿಂದ ಸಹಿ ಹಾಕುವ ಮುನ್ನ ಪ್ರಶ್ನೆ ಕೇಳಲು ಸಂಕೋಚ ಪಡಬೇಡಿ. ಇಂಗ್ಲಿಷ್ ಬಾರದ ತಂದೆತಾಯಿಗಳಿದ್ದರೆ ಭೇಟಿಯ ದಿನಕ್ಕೆ ಮೊದಲೇ ಕನ್ನಡ ದುಭಾಷಿ ಬೇಕೆಂದು ಕೇಳಿ. ಮನೆಯವರೇ ಅನುವಾದಕ್ಕೆ ನಿಂತಾಗ ಕಹಿಯಾದ ಸತ್ಯ ಅರ್ಧಕ್ಕೇ ನಿಂತುಬಿಡುವುದುಂಟು.

ರೋಗಿಗೆ ಪ್ರಜ್ಞೆಯಿಲ್ಲದಿದ್ದರೆ, ಅಥವಾ ಮರೆವಿನ ಕಾಯಿಲೆಯಿಂದ ನಿರ್ಧರಿಸುವ ಶಕ್ತಿ ಕುಂದಿದ್ದರೆ ಏನು ಗತಿ? ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 2005ರ ಮೆಂಟಲ್ ಕೆಪ್ಯಾಸಿಟಿ ಕಾಯ್ದೆಯಂತೆ ವೈದ್ಯರು ಮನೆಯವರ ಅಭಿಪ್ರಾಯ ಕೇಳಿ, ರೋಗಿಯ ಹಿತವನ್ನು ನೋಡಿ ತಾವೇ ತೀರ್ಮಾನಿಸುತ್ತಾರೆ. ಆ ಅಧಿಕಾರ ಮಗಳಿಗೋ ಮಗನಿಗೋ ಸಿಗಬೇಕಿದ್ದರೆ ಬುದ್ಧಿ ಸ್ವಾಧೀನದಲ್ಲಿರುವಾಗಲೇ ಆರೋಗ್ಯದ ಬಗೆಗಿನ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ ಎಂಬ ಅಧಿಕಾರ ಪತ್ರ ಬರೆದು ನೋಂದಾಯಿಸಬೇಕು. ಇಲ್ಲಿಯೇ ನೆಲೆಸಿದ ಹಿರಿಯರಿರುವ ಪ್ರತಿಯೊಂದು ಮನೆಯಲ್ಲೂ ಈ ಕೆಲಸ ಮುಂದೂಡದೆ ಆಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಒಮ್ಮತ ಮೂಡದ ವಿವಾದಗಳು ಇಂಥ ರೋಗಿಗಳ ವಿಷಯ ತೀರ್ಮಾನಿಸುವ ಕೋರ್ಟ್ ಆಫ್ ಪ್ರೊಟೆಕ್ಷನ್ ಎಂಬ ನ್ಯಾಯಾಲಯಕ್ಕೆ ಹೋಗುತ್ತವೆ.

ಸಂಶೋಧನೆಯಲ್ಲಿ ಭಾಗವಹಿಸುವಿರಾ ಎಂದು ಕೇಳುವ ಪತ್ರ ಜಿಪಿಯಿಂದಲೋ ಆಸ್ಪತ್ರೆಯಿಂದಲೋ ಬಂದರೆ ನಮ್ಮಲ್ಲಿ ಅನೇಕರು ‘ನಮ್ಮ ಮೇಲೆ ಪ್ರಯೋಗವೇ?’ ಎಂದು ಅದನ್ನು ಬದಿಗಿಡುತ್ತಾರೆ. ಆ ಪತ್ರ ನಿಮ್ಮ ಕೈಸೇರುವ ಮೊದಲೇ ಇಡೀ ಯೋಜನೆಯನ್ನು ಒಂದು ಸಂಶೋಧನಾ ನೈತಿಕ ಸಮಿತಿ ಪರಿಶೀಲಿಸಿರುತ್ತದೆ. ಇಂಗ್ಲೆಂಡಿನಲ್ಲಿ ಈ ಸಮಿತಿಗಳನ್ನು ಹೆಲ್ತ್ ರಿಸರ್ಚ್ ಅಥಾರಿಟಿ ನಡೆಸುತ್ತದೆ. ಸದಸ್ಯರಲ್ಲಿ ಮೂರನೆಯ ಒಂದು ಭಾಗದಷ್ಟಾದರೂ ಜನ ವೈದ್ಯರಲ್ಲದ, ಸಂಶೋಧಕರಲ್ಲದ ಸಾಮಾನ್ಯರಿರಬೇಕು. ಮಾಹಿತಿ ಪತ್ರ ಸಾಮಾನ್ಯ ಓದುಗನಿಗೆ ಅರ್ಥವಾಗುತ್ತದೆಯೇ, ಹಾನಿಯಾದರೆ ಪರಿಹಾರಕ್ಕೆ ಏನು ಏರ್ಪಾಡಿದೆ ಎಂಬುದನ್ನೂ ಅವರು ನೋಡುತ್ತಾರೆ. ಒಪ್ಪಿದ ಮೇಲೂ ಕಾರಣ ಹೇಳದೆ ಹಿಂದೆ ಸರಿಯಬಹುದು, ಅದರಿಂದ ನಿಮ್ಮ ಚಿಕಿತ್ಸೆಗೆ ಕುಂದು ಬರುವಂತಿಲ್ಲ. ದಕ್ಷಿಣ ಏಷ್ಯಾ ಮೂಲದವರಲ್ಲಿ ಟೈಪ್ 2 ಮಧುಮೇಹ ಹೆಚ್ಚಾಗಿದ್ದರೂ ಸಂಶೋಧನೆಗಳಲ್ಲಿ ನಮ್ಮವರ ಪಾಲು ಕಡಿಮೆ. ಓದದೆಯೇ ಆ ಪತ್ರವನ್ನು ಎಸೆಯುವುದು ನಮಗೇ ನಷ್ಟ.

ಒಪ್ಪಿಗೆಯ ವಿಷಯದಲ್ಲಿನ ಈ ಎಚ್ಚರಿಕೆಯ ಹಿಂದೆ ನೋವಿನ ಇತಿಹಾಸವಿದೆ. ಲಿವರ್‌ಪೂಲಿನ ಆಲ್ಡರ್ ಹೇ ಮಕ್ಕಳ ಆಸ್ಪತ್ರೆಯಲ್ಲಿ ತೀರಿಕೊಂಡ ಮಕ್ಕಳ ಅಂಗಗಳನ್ನು ತಂದೆತಾಯಿಗಳಿಗೆ ತಿಳಿಸದೆ ಇಟ್ಟುಕೊಳ್ಳಲಾಗಿತ್ತೆಂಬುದು 2001ರ ತನಿಖಾ ವರದಿಯಲ್ಲಿ ಬಯಲಾಯಿತು. ಮಾನವ ಅಂಗ, ಅಂಗಾಂಶಗಳ ಬಳಕೆಯನ್ನು ನಿಯಂತ್ರಿಸುವ 2004ರ ಹ್ಯೂಮನ್ ಟಿಶ್ಯೂ ಕಾಯ್ದೆಗೂ ಅದನ್ನು ಜಾರಿಗೊಳಿಸುವ ಪ್ರಾಧಿಕಾರಕ್ಕೂ ಇಂಥ ಪ್ರಕರಣಗಳೇ ಕಾರಣ. ಅಂಗಾಂಗಗಳ ಮಾರಾಟ ಇಲ್ಲಿ ಅಪರಾಧ. ಅಂಗದಾನದ ವಿಷಯದಲ್ಲಿ 2020ರ ಮೇ 20ರಿಂದ ಇಂಗ್ಲೆಂಡಿನ ನಿಯಮ ತಿರುವುಮುರುವಾಗಿದೆ: ಬೇಡವೆಂದು ದಾಖಲಿಸದ ವಯಸ್ಕರನ್ನು ಒಪ್ಪಿದವರೆಂದೇ ಭಾವಿಸಲಾಗುತ್ತದೆ. ಇಲ್ಲಿ ವಾಸಿಸಲು ತೊಡಗಿ 12 ತಿಂಗಳಾಗದವರಿಗೆ ಇದು ಅನ್ವಯಿಸುವುದಿಲ್ಲ, ಮನೆಯವರನ್ನು ಕೇಳದೆ ವೈದ್ಯರು ಮುಂದುವರಿಯುವುದೂ ಇಲ್ಲ. ಹೌದೋ ಅಲ್ಲವೋ, ನಿಮ್ಮ ನಿರ್ಧಾರವನ್ನು ದಾಖಲಿಸಿ ಮನೆಯವರಿಗೂ ತಿಳಿಸಿ.

ಸಂತಾನ ಚಿಕಿತ್ಸೆಯನ್ನು 1991ರಿಂದ ಎಚ್‌ಎಫ್‌ಇಎ ಎಂಬ ಪ್ರಾಧಿಕಾರ ನಿಯಂತ್ರಿಸುತ್ತದೆ. ಗರ್ಭಿಣಿಯ ಸ್ಕ್ಯಾನ್‌ನಲ್ಲಿ ಮಗುವಿನ ಲಿಂಗ ತಿಳಿಸುವುದು ಇಲ್ಲಿ ಅಪರಾಧವಲ್ಲ. ಐವಿಎಫ್‌ನಲ್ಲಿ ವೈದ್ಯಕೀಯ ಕಾರಣವಿಲ್ಲದೆ ಲಿಂಗ ಆಯ್ಕೆ ಮಾಡುವುದು ನಿಷಿದ್ಧ.

ನಿಮ್ಮ ಗುರುತು ತಿಳಿಯಬಹುದಾದ ಆರೋಗ್ಯ ದಾಖಲೆಗಳು ಸಂಶೋಧನೆಗೂ ಆರೋಗ್ಯ ಸೇವೆಯ ಯೋಜನೆಗೂ ಬಳಕೆಯಾಗುವುದು ಬೇಡವೆನಿಸಿದರೆ 2018ರಿಂದ ಜಾರಿಯಲ್ಲಿರುವ ನ್ಯಾಷನಲ್ ಡೇಟಾ ಆಪ್ಟ್-ಔಟ್ ಮೂಲಕ ತಿಳಿಸಬಹುದು. ನಿಮ್ಮದೇ ಚಿಕಿತ್ಸೆಗೆ ಅಗತ್ಯವಾದ ಮಾಹಿತಿ ವಿನಿಮಯಕ್ಕೆ ಇದರಿಂದ ತಡೆಯಾಗುವುದಿಲ್ಲ.

ಒಪ್ಪಿಗೆ ಕೇಳದೆಯೇ ಏನಾದರೂ ನಡೆದಿದೆ ಎನಿಸಿದರೆ ಮೊದಲು ರೋಗಿಗಳಿಗೆ ಸಲಹೆ, ನೆರವು ನೀಡುವ ಆಸ್ಪತ್ರೆಯ ಪಾಲ್ಸ್ ವಿಭಾಗಕ್ಕೆ ಹೋಗಿ. ಲಿಖಿತ ದೂರನ್ನು ಸಾಮಾನ್ಯವಾಗಿ 12 ತಿಂಗಳೊಳಗೆ ಕೊಡಬೇಕು. ಆಸ್ಪತ್ರೆಯ ಅಂತಿಮ ಉತ್ತರ ಸಮಾಧಾನ ತರದಿದ್ದರೆ ದೂರುಗಳನ್ನು ಸ್ವತಂತ್ರವಾಗಿ ವಿಚಾರಿಸುವ ಸಂಸತ್ತು ಮತ್ತು ಆರೋಗ್ಯ ಸೇವೆಗಳ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ.