ಗಿರಾಕಿಗಳ ಕಾಗದಕ್ಕೆ ಕೊನೆಯ ತಾರೀಖು ಬರೆದೆ

ಕಳೆದ ದೀಪಾವಳಿ ಆದ ವಾರ ನಮ್ಮ ಆಫೀಸಿನ ಬೀಗ ಮುರಿದು ಲ್ಯಾಪ್‌ಟಾಪು, ಹಾರ್ಡ್ ಡಿಸ್ಕು ಎರಡನ್ನೂ ಒಯ್ದರು. ಬಾಗಲಕೋಟೆ ನವನಗರದಲ್ಲಿ ಹಳೇ ಕಾರು ಮಾರುವ ದಂಧೆ ನಮ್ಮದು, 14 ವರ್ಷ ಆಯಿತು. ಮೊದಲಾಗಿದ್ದರೆ ಆ ಡಿಸ್ಕಿನಲ್ಲಿ ಸುಮಾರು ಆರು ಸಾವಿರ ಜನರ ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಫೋಟೊ ಇರುತ್ತಿದ್ದವು. ಕೆಲಸ ಮುಗಿದವರದನ್ನು ಈಗ ಅಳಿಸಿಬಿಡುವುದರಿಂದ ಇದ್ದದ್ದು ಅರವತ್ತು ಚಿಲ್ಲರೆ ಜನರದು. ಅವರಿಗೆಲ್ಲ ಅವತ್ತು ಸಂಜೆಯೇ ನಾನೇ ಫೋನ್ ಮಾಡಿ ವಿಷಯ ಹೇಳಿದೆ. ರಾತ್ರಿ ಒಂಬತ್ತಕ್ಕೆ ಮುಗಿಯಿತು.

ಅಲ್ಲಿಯವರೆಗೆ ಅಣ್ಣ ದಿನಾ ಬೈಯುತ್ತಿದ್ದರು. "ತಮ್ಮಾ, ಗಿರಾಕಿ ನಂಬರಂದ್ರ ನಮ್ಮ ಬಂಡವಾಳ. ಅದನ್ನ ಅಳಸಾಕ ಕುಂತೀಯಲ್ಲೋ?" ಜೊತೆಗಾರ ಡೀಲರ್‌ಗಳೂ ಅದನ್ನೇ ಹೇಳಿದರು.

ಶುರುವಾಗಿದ್ದು 2023ರಲ್ಲಿ. ನಮ್ಮಲ್ಲಿದ್ದ ಹುಡುಗನೊಬ್ಬ ಕೆಲಸ ಬಿಟ್ಟ. ತಿಂಗಳೊಳಗೆ ನಮ್ಮ ಗಿರಾಕಿಗಳಿಗೆ ಇನ್ಶೂರೆನ್ಸ್ ಫೋನು ಬರತೊಡಗಿದವು. ಇಳಕಲ್ಲಿನ ಒಬ್ಬ ಹಿರಿಯರು ಅಂಗಡಿಗೇ ಬಂದು, "ನನ್ನ ಗಾಡಿ ನಂಬರು ಅವರಿಗೆ ನೀವೇ ಕೊಟ್ಟಿದ್ದು ಅಲ್ವಾ?" ಎಂದು ಕೇಳಿದರು. ನನಗೆ ಉತ್ತರ ಇರಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಟೊಯೋಟಾದ ಸುದ್ದಿ ಬಂತು. ಜಪಾನಿನಲ್ಲಿ ಸುಮಾರು 21.5 ಲಕ್ಷ ಗಿರಾಕಿಗಳ ಗಾಡಿ ಮಾಹಿತಿ 2013ರಿಂದ ಸುಮಾರು ಹತ್ತು ವರ್ಷ ಹೊರಗಿನವರಿಗೆ ಸಿಗುವಂತೆ ತೆರೆದೇ ಇತ್ತು. ಯಾರೂ ಕದ್ದು ಒಳಗೆ ನುಗ್ಗಿದ್ದಲ್ಲ, ಕ್ಲೌಡ್ ಸೆಟ್ಟಿಂಗ್ ತಪ್ಪಾಗಿತ್ತು ಅಷ್ಟೇ. ಅದಕ್ಕಿಂತ ನನಗೆ ಚುಚ್ಚಿದ್ದು ಅಮೆರಿಕದ ಫೋಕ್ಸ್‌ವ್ಯಾಗನ್-ಆಡಿಯದು. 2021ರಲ್ಲಿ ಹೊರಬಿದ್ದ 33 ಲಕ್ಷ ಜನರ ಪಟ್ಟಿಯಲ್ಲಿ ಕಾರು ಕೊಂಡವರಷ್ಟೇ ಅಲ್ಲ, ಕೊಳ್ಳಬೇಕೆಂದು ವಿಚಾರಿಸಿದವರೂ ಇದ್ದರು. ಅದು 2014ರಿಂದ 2019ರವರೆಗೆ ಕೂಡಿಹಾಕಿದ್ದ ಮಾಹಿತಿ. ನನ್ನ ಕಪಾಟಿನಲ್ಲೂ ಸುಮ್ನೆ ರೇಟು ಕೇಳಿ ಹೋದವರ ಒಂಬತ್ತು ನೋಟ್‌ಬುಕ್ ಇದ್ದವು.

ಮೊದಲು ಮಾಡಿದ್ದೆಲ್ಲ ತಪ್ಪೇ. ಹಳೇ ಹಾರ್ಡ್ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಕಂಪ್ಯೂಟರ್ ಅಂಗಡಿಗೆ ಕೊಟ್ಟೆ. ಅಲ್ಲಿಯ ಹುಡುಗ ಅರ್ಧ ಗಂಟೆಯಲ್ಲಿ ಫೋಟೊಗಳನ್ನೆಲ್ಲ ವಾಪಸ್ ತೆಗೆದು ತೋರಿಸಿದ. ಡಿಸ್ಕು ಮನೆಗೆ ತಂದು ಸುತ್ತಿಗೆಯಿಂದ ಜಜ್ಜಿದೆ. ಹೊಸದಕ್ಕೆ ನಾಲ್ಕು ಸಾವಿರದ ಮೇಲೆ ಹೋಯಿತು. ಪಾಸ್‌ವರ್ಡ್ ಇಲ್ಲದವರಿಗೆ ಒಳಗಿನದು ಓದಲು ಬಾರದಂತೆ ಅದಕ್ಕೆ ಮೊದಲ ದಿನವೇ ಬಿಟ್‌ಲಾಕರ್ ಹಾಕಿದೆ. ಮೊಬೈಲಿನಲ್ಲಿ ಅಳಿಸಿದ ಆಧಾರ್ ಫೋಟೊಗಳು ಗೂಗಲ್ ಡ್ರೈವ್‌ನಲ್ಲಿ ಹಾಗೇ ಉಳಿದಿದ್ದವು, ಅದು ಗೊತ್ತಾಗಲು ಎರಡು ತಿಂಗಳು ಬೇಕಾಯಿತು.

ದೊಡ್ಡ ಪೆಟ್ಟು ಬಿದ್ದದ್ದು ಹುರುಪಿನಲ್ಲಿ ಜಾಸ್ತಿ ಅಳಿಸಿದಾಗ. ಮಾರಿದ ಒಂದು ಗಾಡಿಯ ಆರ್‌ಸಿ ಇನ್ನೂ ಹೊಸಬರ ಹೆಸರಿಗೆ ಆಗಿರಲಿಲ್ಲ. ಹುನಗುಂದ ರಸ್ತೆಯಲ್ಲಿ ಅದು ಅಪಘಾತ ಮಾಡಿತು, ನೋಟಿಸು ಹಳೇ ಮಾಲೀಕರಿಗೆ ಹೋಯಿತು. ಡೆಲಿವರಿ ಪತ್ರವನ್ನೂ ಮಾಲೀಕರು ಬದಲಾದದ್ದನ್ನು ಆರ್‌ಟಿಒಗೆ ತಿಳಿಸುವ ಫಾರಂ 29ರ ಪ್ರತಿಯನ್ನೂ ನಾನೇ ಹರಿದುಹಾಕಿದ್ದೆ. ನಾಲ್ಕು ತಿಂಗಳ ಓಡಾಟ, ವಕೀಲರಿಗೆ ಮೂವತ್ತೈದು ಸಾವಿರ. ಆ ರಾತ್ರಿ ಕೂತು ಒಂದೊಂದು ಕಾಗದಕ್ಕೂ ಕೊನೆಯ ತಾರೀಖು ಬರೆದೆ.

ಬರೀ ವಿಚಾರಿಸಿದವರ ನಂಬರು 30 ದಿನ. ಆಧಾರ್ ಆದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಆಧಾರ್ ಕೇಳುತ್ತೇನೆ, ಅದೂ ಆರ್‌ಸಿ ವರ್ಗ ಆದ 15 ದಿನಕ್ಕೆ ಹೋಗುತ್ತದೆ. ಡೆಲಿವರಿ ಪತ್ರ, ಹೆಸರು ವರ್ಗಾಯಿಸುವ ಫಾರಂ 29, 30 ಮಾತ್ರ ಕಾಗದದಲ್ಲಿ, ಬೀಗದ ಕಪಾಟಿನಲ್ಲಿ. ಜಿಎಸ್‌ಟಿ ಬಿಲ್ಲಂತೂ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಇಡಲೇಬೇಕು, ಆದರೆ ಬಿಲ್ಲಿಗೆ ಆಧಾರ್ ಬೇಕಾಗಿಲ್ಲವಲ್ಲ. ಅವಧಿ ಮುಗಿದ ಫೈಲು ತಾನಾಗಿ ಮುಂದೆ ಬರುವ ಹಾಗೆ ಒಂದು ಗುರುತಿನ ಪದ್ಧತಿ ಮಾಡಿದ್ದೇನೆ. ಅದನ್ನು ಹೇಳುವುದಿಲ್ಲ, ಅದರ ಮೇಲೆ ಒಂದು ವರ್ಷ ತಲೆ ಕೆಡಿಸಿಕೊಂಡಿದ್ದೇನೆ. ಹುಡುಗರ ಮೊಬೈಲಿನಲ್ಲಿ ಫೋಟೊ ಉಳಿಯದಂತೆ ಮಾಡಿದ್ದೂ ನನ್ನಲ್ಲೇ ಇರಲಿ.

ಹಳೇ ಕಾಗದದ ಕಥೆ ಬೇರೆ. ಎಂಟೂವರೆ ಸಾವಿರದ ಕತ್ತರಿಸುವ ಮಷಿನ್ ಹದಿನೈದೇ ದಿನಕ್ಕೆ ಸುಟ್ಟುಹೋಯಿತು. ರದ್ದಿಗೆ ಕೊಡಲು ಮನಸ್ಸಾಗಲಿಲ್ಲ. ಮಹಾಲಿಂಗಪುರದ ಹತ್ತಿರ ಸೋದರಮಾವನ ಬೆಲ್ಲದ ಗಾಣ ಇದೆ, ಚೀಲ ತುಂಬಿ ಅಲ್ಲಿಯ ಒಲೆಗೆ ಒಯ್ದೆ. ಲ್ಯಾಮಿನೇಷನ್ ಸುಟ್ಟ ವಾಸನೆಗೆ ಮಾವ ಕೆಂಡಾಮಂಡಲ. "ಬೆಲ್ಲ ಕೆಟ್ರ ನೀ ತಗೊಳ್ಳಾಂವಾ?" ಎಂದರು. ಈಗ ಪ್ಲಾಸ್ಟಿಕ್ಕು, ಪಿನ್ನು ಎಲ್ಲ ಬಿಡಿಸಿ ಒಯ್ಯುತ್ತೇನೆ.

ಇನ್ನೊಂದು ಪರೀಕ್ಷೆ ಮಾಡಿದೆ. ನಮ್ಮಲ್ಲಿಗೆ ಬಂದ ಮೂವತ್ತು ಕಾರಿನ ಟಚ್ ಸ್ಕ್ರೀನ್ ನೋಡಿದೆ. ಇಪ್ಪತ್ತೆರಡರಲ್ಲಿ ಹಳೇ ಮಾಲೀಕರ ಫೋನ್ ಪಟ್ಟಿ ಇತ್ತು, ಕೆಲವದರಲ್ಲಿ ಮನೆಯ ದಾರಿಯೂ ಇತ್ತು. ರೀಸೆಟ್ ಮಾಡಿದರೆ ಸಾಕು ಅಂದುಕೊಂಡಿದ್ದೆ. ಆದರೆ ಮಾರಿದ ಕಾರೊಂದು ಕೂಡಲಸಂಗಮದಲ್ಲಿ ನಿಂತಿದ್ದು ವಿಜಯಪುರದಲ್ಲಿದ್ದ ಹಳೇ ಮಾಲೀಕರ ಮೊಬೈಲಿನಲ್ಲಿ, ಕಾರು ಕಂಪನಿಯ ಆ್ಯಪಿನಲ್ಲಿ ಕಾಣುತ್ತಿತ್ತು! ಅವರೇ ನಗುತ್ತಾ ಫೋನ್ ಮಾಡಿದರು, ನನಗೆ ನಗು ಬರಲಿಲ್ಲ. ಕೊಂಡವರ ಮನೆಯ ಹೆಣ್ಣುಮಕ್ಕಳು ಆ ಕಾರಿನಲ್ಲಿ ಒಬ್ಬರೇ ಓಡಾಡುತ್ತಾರೆ. 2024ರ ಕೊನೆಗೆ ಫೋಕ್ಸ್‌ವ್ಯಾಗನ್ ಗುಂಪಿನ ಎಂಟು ಲಕ್ಷ ಎಲೆಕ್ಟ್ರಿಕ್ ಕಾರುಗಳ ಮಾಹಿತಿ ಬಯಲಾದಾಗ, ಹಲವು ಕಾರು ಎಲ್ಲಿ ನಿಂತಿವೆ ಎನ್ನುವುದೂ ಅದರಲ್ಲಿತ್ತು. ಈಗ ಮಾರುವವರು ನನ್ನ ಎದುರೇ ಆ್ಯಪಿನಿಂದ ಕಾರನ್ನು ತೆಗೆಯಬೇಕು. ಆಮೇಲೆಯೇ ಕೊನೆಯ ಹಣ.

ವ್ಯಾಪಾರ ಇಳಿಯಲಿಲ್ಲ. ಮೊದಲೂ ತಿಂಗಳಿಗೆ ಹನ್ನೊಂದು, ಹನ್ನೆರಡು ಗಾಡಿ, ಈಗಲೂ ಅಷ್ಟೇ. ಎಸ್‌ಎಂಎಸ್‌ಗೆ ಸುರಿಯುತ್ತಿದ್ದ ಮೂರು ಸಾವಿರ ಉಳಿಯಿತು. ಕಳ್ಳತನದ ದಿನ ನಾನು ಫೋನ್ ಮಾಡಿದವರಲ್ಲಿ ಒಬ್ಬರು ಮರುವಾರ ತಮ್ಮ ಭಾವನನ್ನು ಕರೆತಂದರು, ಕಾರು ಕೊಡಿಸಲು. ಇಳಕಲ್ಲಿನ ಹಿರಿಯರಿಗೂ ಎಲ್ಲ ಹೇಳಿ ಬಂದಿದ್ದೇನೆ. 2017ರ ಎರಡು ಚೀಲ ಇನ್ನೂ ಉಳಿದಿವೆ. ಕಬ್ಬಿನ ಸೀಸನ್ ಶುರುವಾದ ಕೂಡಲೇ ಮಹಾಲಿಂಗಪುರಕ್ಕೆ ಒಯ್ಯಬೇಕು.