ವಿಡಿಯೊ ಗೇಮ್‌ಗಳ ಹಿಂಸೆಯನ್ನು ತರಗತಿಯಲ್ಲಿ ಚರ್ಚಿಸಿದ ನನ್ನ ಅನುಭವ

ಪದವಿ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಕಲಿಸುವ ನಾನು ಮಾಧ್ಯಮ ನೀತಿಯ ಪಾಠಕ್ಕೆ ಬಹುಕಾಲ ಸಿನಿಮಾ, ಜಾಹೀರಾತು ಮತ್ತು ಟಿವಿ ಸುದ್ದಿಗಳಿಂದಲೇ ಉದಾಹರಣೆ ಆರಿಸಿಕೊಳ್ಳುತ್ತಿದ್ದೆ. ನನ್ನ ವಿದ್ಯಾರ್ಥಿಗಳು ಇವೆಲ್ಲಕ್ಕಿಂತ ಹೆಚ್ಚು ಹೊತ್ತನ್ನು ಕಳೆಯುವುದು ಆಟಗಳಲ್ಲಿ. ಆದ್ದರಿಂದ ಅಂತಿಮ ವರ್ಷದ ತರಗತಿಯಲ್ಲಿ ವಿಡಿಯೊ ಗೇಮ್‌ಗಳನ್ನೇ ಅಧ್ಯಯನದ ವಸ್ತುವಾಗಿ ತೆಗೆದುಕೊಂಡೆ. ಕ್ರೂರ ದೃಶ್ಯಗಳನ್ನು ತೋರಿಸುವ ಮುನ್ನ ಅದರಲ್ಲಿ ಏನಿದೆ ಎಂದು ತಿಳಿಸಿ, ನೋಡಲು ಇಷ್ಟವಿಲ್ಲದವರು ಹೊರಗಿರಬಹುದು ಎಂಬ ನಿಯಮವನ್ನು ಆರಂಭದಿಂದಲೂ ಪಾಲಿಸಿಕೊಂಡು ಬಂದಿದ್ದೇನೆ.

ಪ್ರತಿ ವರ್ಷವೂ ಮೊದಲು ಏಳುವ ಪ್ರಶ್ನೆ, ಇಂಥ ಆಟಗಳನ್ನು ಆಡಿದವರು ನಿಜಜೀವನದಲ್ಲಿ ಹಿಂಸೆಗೆ ಇಳಿಯುತ್ತಾರೆಯೇ ಎಂಬುದು. ಇದಕ್ಕೆ ಸಂಶೋಧನೆ ಏನು ಹೇಳುತ್ತದೋ ಅದನ್ನೇ ನಾನೂ ಹೇಳುತ್ತೇನೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಬ್ರಿಟನ್ನಿನ ಹದಿಹರೆಯದವರನ್ನು ಕುರಿತು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಿಂಸಾತ್ಮಕ ಆಟಕ್ಕೂ ಆಕ್ರಮಣಶೀಲ ವರ್ತನೆಗೂ ನಂಟು ಕಾಣಲಿಲ್ಲ. ಕೂಗಾಡುವುದು, ತಳ್ಳುವುದು ಮುಂತಾದ ವರ್ತನೆಗಳೊಂದಿಗೆ ಸಣ್ಣ ಸಂಬಂಧವಿದೆಯೆಂದು ಒಪ್ಪುವ ಅಮೆರಿಕದ ಮನೋವಿಜ್ಞಾನ ಸಂಘವೂ, ನಿಜವಾದ ಹಿಂಸಾಚಾರದ ಹೊಣೆಯನ್ನು ಆಟಗಳ ಮೇಲೆ ಹೊರಿಸಲು ಸಾಕಷ್ಟು ಆಧಾರವಿಲ್ಲ ಎಂದು 2020ರಲ್ಲಿ ಸ್ಪಷ್ಟಪಡಿಸಿತು. ಇಷ್ಟು ಹೇಳಿದೊಡನೆ ಹಿಂದಿನ ಬೆಂಚಿನವರಿಗೆ ನಿರಾಳವಾಗುತ್ತದೆ. ಆದರೆ ನೀತಿಯ ಪ್ರಶ್ನೆ ಇಲ್ಲಿಗೆ ಮುಗಿಯಿತೆಂದು ನಾನು ಒಪ್ಪುವುದಿಲ್ಲ. ಒಂದು ಚಿತ್ರಣ ಮನುಷ್ಯರನ್ನು ಅವಮಾನಿಸುತ್ತದೆ ಎನ್ನಬೇಕಾದರೆ, ಅದನ್ನು ನೋಡಿದವನು ಹೊರಗೆ ಹೋಗಿ ಯಾರನ್ನಾದರೂ ಹೊಡೆದಿರಲೇಬೇಕು ಎಂದೇನಿಲ್ಲ.

ಹಾಗಾಗಿ ಪ್ರತಿ ದೃಶ್ಯಕ್ಕೂ ಬೇರೆ ಮೂರು ಪ್ರಶ್ನೆಗಳನ್ನು ಕೇಳಲು ಹೇಳುತ್ತೇನೆ. ಆಟ ನಮ್ಮ ಕೈಯಿಂದ ಏನು ಮಾಡಿಸುತ್ತದೆ? ಮಾಡಿದ್ದಕ್ಕೆ ಪ್ರತಿಯಾಗಿ ಏನು ಕೊಡುತ್ತದೆ? ಇದನ್ನು ನಾನು ಮಾಡಲಾರೆ ಎನ್ನುವವರಿಗೆ ದಾರಿ ಬಿಡುತ್ತದೆಯೇ?

ಕಾಲ್ ಆಫ್ ಡ್ಯೂಟಿ ಸರಣಿಯ 2009ರ ಮಾಡರ್ನ್ ವಾರ್‌ಫೇರ್ 2 ಆಟದಲ್ಲಿ ‘ನೋ ರಷ್ಯನ್’ ಎಂಬ ಹಂತವಿದೆ. ಗುರುತು ಮರೆಸಿಕೊಂಡು ಭಯೋತ್ಪಾದಕರ ಗುಂಪು ಸೇರಿದ ಗೂಢಚಾರನಾಗಿ, ರಷ್ಯಾದ ವಿಮಾನ ನಿಲ್ದಾಣವೊಂದರಲ್ಲಿ ಪ್ರಯಾಣಿಕರ ಹತ್ಯಾಕಾಂಡದ ನಡುವೆ ನಾವು ನಡೆಯಬೇಕಾಗುತ್ತದೆ. ಗುಂಡು ಹಾರಿಸದೆಯೇ ಮುಂದೆ ಸಾಗಬಹುದು. ಬೇಡವೆನಿಸಿದರೆ ಆ ಹಂತವನ್ನು ಪೂರ್ತಿಯಾಗಿ ಬಿಟ್ಟುಬಿಡಲೂ ಅವಕಾಶವಿದೆ. ಅದೇ ಹಂತದ ಜರ್ಮನ್ ಮತ್ತು ಜಪಾನೀ ಆವೃತ್ತಿಗಳಲ್ಲಿ ಪ್ರಯಾಣಿಕನೊಬ್ಬನನ್ನು ಕೊಂದರೆ ಆಟಗಾರ ಸೋಲುತ್ತಾನೆ. ದೃಶ್ಯ ಒಂದೇ ಆಗಿದ್ದರೂ ನಿಯಮ ಬದಲಾದಾಗ ನಮ್ಮ ಹೊಣೆಯೂ ಬದಲಾಗುತ್ತದೆ ಎಂಬುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ‘ಗುಂಡು ಹಾರಿಸದೆ ಸುಮ್ಮನೆ ಜೊತೆಗೆ ನಡೆದವನೂ ತಪ್ಪಿತಸ್ಥನಲ್ಲವೇ ಮೇಡಂ? ತಡೆಯೋಕೆ ಆಟ ಬಿಡೋದೇ ಇಲ್ಲವಲ್ಲ’ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಾಗ, ಮೂರನೆಯ ಪ್ರಶ್ನೆ ನಾನು ಎಣಿಸಿದ್ದಕ್ಕಿಂತ ಆಳವಾದದ್ದು ಎಂದು ನನಗೇ ಅನ್ನಿಸಿತು.

2013ರ ಜಿಟಿಎ 5 (ಗ್ರ್ಯಾಂಡ್ ಥೆಫ್ಟ್ ಆಟೊ 5) ಆಟದಲ್ಲಿ ಬಂಧಿತನೊಬ್ಬನಿಗೆ ಚಿತ್ರಹಿಂಸೆ ಕೊಡುವ ಸನ್ನಿವೇಶ ಬರುತ್ತದೆ. ಅವನು ಎಲ್ಲವನ್ನೂ ಹೇಳಲು ಸಿದ್ಧನಿದ್ದರೂ ಹಿಂಸೆ ನಡೆಯಲೇಬೇಕು. ಆಟಗಾರ ಆರಿಸಿಕೊಳ್ಳಬಹುದಾದದ್ದು ಉಪಕರಣವನ್ನು ಮಾತ್ರ. ಚಿತ್ರಹಿಂಸೆಯಿಂದ ಪ್ರಯೋಜನವಿಲ್ಲ ಎಂದು ಅದನ್ನು ಮಾಡಿದ ಪಾತ್ರವೇ ಆಮೇಲೆ ಹೇಳುತ್ತದೆಂಬುದನ್ನು ಕೆಲವರು ಸಮರ್ಥನೆಯಾಗಿ ಮುಂದಿಡುತ್ತಾರೆ. ಆ ವಾದದಲ್ಲಿ ಹುರುಳಿದೆಯಾದರೂ, ಕೈ ಮಾಡಿದ ಕೆಲಸವನ್ನು ಬಾಯಿಮಾತು ಅಳಿಸಲಾರದು ಎಂಬುದು ನನ್ನ ನಿಲುವು. ಅದೇ ಆಟದಲ್ಲಿ ನಾವು ಆಡಬಹುದಾದ ಮೂವರು ನಾಯಕರೂ ಗಂಡಸರೇ. ಲೈಂಗಿಕ ವೃತ್ತಿಯ ಹೆಣ್ಣನ್ನು ಕೊಂದು, ಕೊಟ್ಟ ಹಣವನ್ನು ಮರಳಿ ಪಡೆಯಲೂ ಅಲ್ಲಿ ಸಾಧ್ಯವಿದೆ. ಇದನ್ನು ವಿರೋಧಿಸಿ ಆ ವೃತ್ತಿಯಲ್ಲಿ ದೌರ್ಜನ್ಯ ಅನುಭವಿಸಿ ಹೊರಬಂದ ಮಹಿಳೆಯರು ಸಲ್ಲಿಸಿದ ಮನವಿಯ ಬಳಿಕ, 2014ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ಟಾರ್ಗೆಟ್ ಮಳಿಗೆಗಳು ಆ ಆಟದ ಮಾರಾಟವನ್ನು ನಿಲ್ಲಿಸಿದವು. ಎರಡನೆಯ ಪ್ರಶ್ನೆ ಇಲ್ಲಿ ನೇರವಾಗಿ ನಾಟುತ್ತದೆ: ಹೆಣ್ಣೊಬ್ಬಳ ಕೊಲೆಗೆ ಪ್ರತಿಯಾಗಿ ಆಟ ಹಣ ಕೊಡುತ್ತಿದೆ.

ಇವೆಲ್ಲ ದೂರದ ಆಟಗಳು. ನಮ್ಮ ತಾಲ್ಲೂಕಿನ ಹುಡುಗ ಹುಡುಗಿಯರು ಆಡುವುದು ಬಿಜಿಎಂಐ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಗುಂಡಿನ ಕಾಳಗದ ಮೊಬೈಲ್ ಆಟ. 2020ರಲ್ಲಿ ಪಬ್ಜಿ ಮೊಬೈಲ್ ನಿಷೇಧಗೊಂಡ ಮೇಲೆ 2021ರ ಜುಲೈನಲ್ಲಿ ಬಂದ ಈ ಆಟದಲ್ಲಿ ರಕ್ತ ಹಸಿರು ಬಣ್ಣದ್ದು. ಇದು ಕಾಲ್ಪನಿಕ ಜಗತ್ತು ಎಂಬ ಎಚ್ಚರಿಕೆ ಇದೆ. 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆ ಆಟ ಮತ್ತು 7,000 ರೂಪಾಯಿ ಖರ್ಚು ಎಂಬ ಮಿತಿಯನ್ನೂ ಕಂಪನಿ ಪ್ರಕಟಿಸಿತ್ತು. ಈ ಎಚ್ಚರಗಳೆಲ್ಲ ತೆರೆಯ ಮೇಲಿನ ಹಿಂಸೆಗೂ ಆಡುವ ಹೊತ್ತಿಗೂ ಸಂಬಂಧಿಸಿದವು. ನನ್ನ ತರಗತಿಯ ಹುಡುಗಿಯರ ಕಷ್ಟ ಇದ್ದದ್ದು ಆಡುವವರು ಪರಸ್ಪರ ಮಾತನಾಡುವ ಮೈಕ್‌ನಲ್ಲಿ.

ಒಮ್ಮೆ ಆಡುವಾಗ ಪಕ್ಕದಲ್ಲಿ ಕೂತು ನೋಡಲು ವಿದ್ಯಾರ್ಥಿನಿಯೊಬ್ಬಳು ಒಪ್ಪಿದಳು. ಅವಳ ಐಡಿ ಗಂಡಸಿನ ಹೆಸರಿನಲ್ಲಿತ್ತು, ಮೈಕ್ ಆಫ್ ಆಗಿತ್ತು. ಅಪರಿಚಿತರೇ ಇದ್ದ ಸ್ಕ್ವಾಡ್‌ನಲ್ಲಿ (ಒಟ್ಟಿಗೆ ಆಡುವ ತಂಡದಲ್ಲಿ), ಶತ್ರು ಎಲ್ಲಿದ್ದಾನೆಂದು ಮ್ಯಾಪ್ ಮೇಲೆ ಗುರುತು ಹಾಕುತ್ತಲೇ ಚೆನ್ನಾಗಿ ಆಡುತ್ತಿದ್ದಳು. ಪೆಟ್ಟು ತಿಂದು ನಾಕ್ ಆಗಿ ಬಿದ್ದಾಗ ರಿವೈವ್ ಮಾಡುವಂತೆ (ಮತ್ತೆ ಎಬ್ಬಿಸುವಂತೆ) ಕೇಳಲು ಮೈಕ್ ಆನ್ ಮಾಡಿದಳು. ‘ಹುಡುಗೀನಾ? ಅದಕ್ಕೇ ಬಿದ್ದಿದ್ದು’ ಎಂದಿತು ಒಂದು ಧ್ವನಿ. ಅವಳ ಪಕ್ಕದಲ್ಲೇ ನಿಂತಿದ್ದ ಆಟಗಾರ ರಿವೈವ್ ಮಾಡದೆ, ಇಲ್ಲಿ ಬರೆಯಲಾಗದ ಮಾತೊಂದನ್ನು ಆಡಿ ಮುಂದೆ ಓಡಿದ.

ಈ ಪ್ರಸಂಗವನ್ನು ಅವಳ ಅನುಮತಿ ಪಡೆದು ತರಗತಿಯ ಮುಂದಿಟ್ಟಾಗ ಹುಡುಗರು, ‘ತಮಾಷೆಗೆ ಅಂದಿರ್ತಾರೆ ಮೇಡಂ, ನಮಗೂ ಬೈತಾರೆ’ ಎಂದರು. ಹುಡುಗರಿಗೂ ಬೈಗುಳ ಬೀಳುತ್ತವೆ ಎಂಬುದು ನಿಜ. ಹಾಗಾದರೆ ನಿಮಗೆ ಬಿದ್ದ ಬೈಗುಳಗಳನ್ನು ಒಂದು ವಾರ ಬರೆದುಕೊಂಡು ಬನ್ನಿ ಎಂದೆ. ಅವರು ಪ್ರಾಮಾಣಿಕವಾಗಿ ಬರೆದು ತಂದರು. ಅವುಗಳಲ್ಲಿ ಬಹುಪಾಲು ಅವರ ತಾಯಿಯನ್ನೋ ತಂಗಿಯನ್ನೋ ಎಳೆದು ತಂದವು. ಗಂಡಸರೇ ಆಡುತ್ತಿದ್ದ ಪಂದ್ಯದಲ್ಲೂ ಅವಮಾನಕ್ಕೆ ಒಳಗಾಗುತ್ತಿದ್ದದ್ದು ಅಲ್ಲಿಲ್ಲದ ಹೆಣ್ಣೇ. ಇದನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಪಟ್ಟಿಯನ್ನು ಓದುತ್ತಿದ್ದ ಹುಡುಗನೇ ಅರ್ಧಕ್ಕೆ ನಿಲ್ಲಿಸಿ ಅದನ್ನು ಹೇಳಿದ.

ಅಲ್ಲಿಂದೀಚೆಗೆ ಈ ಪಾಠದ ರೀತಿಯನ್ನು ಬದಲಿಸಿದ್ದೇನೆ. ದೃಶ್ಯದ ವಿಶ್ಲೇಷಣೆಗೆ ಎಷ್ಟು ಅಂಕವೋ ಪಂದ್ಯದ ಮಾತುಕತೆಯ ವಿಶ್ಲೇಷಣೆಗೂ ಅಷ್ಟೇ ಅಂಕ. ಸ್ಕ್ವಾಡ್‌ನಲ್ಲಿ ಯಾರಾದರೂ ಹುಡುಗಿಯೊಬ್ಬಳ ಬಗ್ಗೆ ಹೀನಾಯವಾಗಿ ಮಾತನಾಡಿದರೆ ಉತ್ತರಿಸುವ ಕೆಲಸವನ್ನು ಆ ಹುಡುಗಿಗೇ ಬಿಡದೆ, ಜೊತೆಗಿರುವ ಹುಡುಗ ಮೈಕ್‌ನಲ್ಲಿ ಬೇಡವೆಂದು ಹೇಳಬೇಕು, ರಿಪೋರ್ಟ್ ಮಾಡಬೇಕು ಎಂದು ವಿದ್ಯಾರ್ಥಿಗಳೇ ಒಪ್ಪಂದ ಮಾಡಿಕೊಂಡಿದ್ದಾರೆ. ಕೆಲವರು ಹೇಳುತ್ತಾರೆ, ಕೆಲವರು ರ‍್ಯಾಂಕ್ ಹೋಗುತ್ತದೆಂದು ಸುಮ್ಮನಿರುತ್ತಾರೆ. ಎರಡನ್ನೂ ಟಿಪ್ಪಣಿಯಲ್ಲಿ ಬರೆಯುತ್ತಾರೆ. ಆ ವಿದ್ಯಾರ್ಥಿನಿ ಈಗ ತನ್ನ ಹೆಸರಿನ ಐಡಿಯಲ್ಲಿ ಆಡುತ್ತಾಳೆ, ಆದರೆ ಗೊತ್ತಿರುವವರ ಸ್ಕ್ವಾಡ್‌ನಲ್ಲಿ ಮಾತ್ರ.