ಹೊಟ್ಟೆ ಚೀಲಕ್ಕೆ ಆಯುಷ್ಮಾನ್ ಕಾರ್ಡ್ ನಡೆಯುತ್ತಾ? ಡಿಸ್ಚಾರ್ಜ್‌ಗೆ ಮೊದಲೇ ಕೇಳಿಕೊಳ್ಳಿ

ಚೀಲ ಅಂದರೆ ಆಪರೇಷನ್‌ನಲ್ಲಿ ಹೊಟ್ಟೆಯ ಮೇಲೆ ಮಾಡಿದ ದಾರಿಯಿಂದ ಬರುವ ಮಲ, ಮೂತ್ರ ಹಿಡಿಯಲು ಅಂಟಿಸಿಕೊಳ್ಳುವ ಚೀಲ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಆಸ್ಪತ್ರೆಯಲ್ಲಿ ಇರುವಷ್ಟು ದಿನ ನಡೆಯುತ್ತದೆ. ಮನೆಗೆ ಬಂದು ಎರಡು ವಾರ ದಾಟಿದ ಮೇಲೆ ನಡೆಯುವುದಿಲ್ಲ.

ಇದು ಗೊತ್ತಿಲ್ಲದೆ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಮನೆಯವರು ಆಪರೇಷನ್ ಪುಕ್ಕಟೆ ಆಯಿತಲ್ಲ ಅಂತ ನಿರಾಳವಾಗಿ ಊರಿಗೆ ಬರುತ್ತಾರೆ. ಆಸ್ಪತ್ರೆಯಲ್ಲಿ ಕೊಟ್ಟ ಚೀಲ ಮುಗಿದ ದಿನ ಮೆಡಿಕಲ್ ಶಾಪ್‌ಗೆ ಓಡುತ್ತಾರೆ, ಅಲ್ಲಿ ರೇಟು ಕೇಳಿ ಸುಮ್ಮನೆ ನಿಂತುಬಿಡುತ್ತಾರೆ. ದುಡ್ಡಿಲ್ಲ ಅಂತ ಪ್ಲಾಸ್ಟಿಕ್ ಕವರ್, ಹಳೇ ಬಟ್ಟೆ ಕಟ್ಟಿಕೊಂಡರೆ ಸುತ್ತಲಿನ ಚರ್ಮ ಸುಟ್ಟ ಹಾಗೆ ಆಗಿ ಹುಣ್ಣಾಗುತ್ತದೆ. ಆಮೇಲೆ ಒಳ್ಳೆಯ ಚೀಲ ತಂದರೂ ಆ ಚರ್ಮಕ್ಕೆ ಅಂಟುವುದಿಲ್ಲ. ಅಲ್ಲಿವರೆಗೆ ಹೋಗುವುದೇ ಬೇಡ. ಯಾವ ಹಂತದಲ್ಲಿ ಏನು ಕೇಳಬೇಕು ಅಂತ ಒಂದೊಂದಾಗಿ ನೋಡೋಣ.

ಕರುಳಿನ ಕ್ಯಾನ್ಸರ್ ಇದ್ದವರಿಗೆ, ಕರುಳು ಸುತ್ತಿಕೊಂಡವರಿಗೆ, ಟೈಫಾಯ್ಡ್‌ನಿಂದಲೋ ಅಪಘಾತದಿಂದಲೋ ಕರುಳು ತೂತಾದವರಿಗೆ, ಮಲದ್ವಾರವೇ ಇಲ್ಲದೆ ಹುಟ್ಟಿದ ಮಕ್ಕಳಿಗೆ ಡಾಕ್ಟರು ಹೊಟ್ಟೆಯ ಮೇಲೆ ಒಂದು ದಾರಿ ಮಾಡುತ್ತಾರೆ. ಅದೇ ಸ್ಟೋಮಾ. ದೊಡ್ಡ ಕರುಳಿನಿಂದ ಮಾಡಿದರೆ ಕೊಲೊಸ್ಟಮಿ, ಸಣ್ಣ ಕರುಳಿನಿಂದ ಮಾಡಿದರೆ ಇಲಿಯೊಸ್ಟಮಿ, ಮೂತ್ರಕ್ಕೆ ಮಾಡಿದರೆ ಯುರೊಸ್ಟಮಿ. ಈ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಪ್ರತಿ ಕೌಂಟರ್‌ನಲ್ಲೂ ಕೇಳುತ್ತಾರೆ.

ಕಾರ್ಡ್ ಯಾವುದು, ಎಷ್ಟು ಸಿಗುತ್ತದೆ

ಕೇಂದ್ರದ ಆಯುಷ್ಮಾನ್ ಭಾರತ್ ಮತ್ತು ರಾಜ್ಯದ ಆರೋಗ್ಯ ಕರ್ನಾಟಕ, ಎರಡೂ 2018ರಲ್ಲಿ ಶುರುವಾದವು. ಅದೇ ವರ್ಷ ಎರಡನ್ನೂ ಸೇರಿಸಿ ಒಂದೇ ಯೋಜನೆ ಮಾಡಿದರು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ರೇಷನ್ ಕಾರ್ಡ್ ಇದ್ದ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಇದು ಇಡೀ ಮನೆಗೆ ಸೇರಿ 5 ಲಕ್ಷ, ತಲೆಗೆ ಅಲ್ಲ.

ಎಪಿಎಲ್‌ನವರಿಗೆ ಲೆಕ್ಕ ಬೇರೆ. ಪ್ಯಾಕೇಜ್ ದರದಲ್ಲಿ, ಅಂದರೆ ಆ ಚಿಕಿತ್ಸೆಗೆ ಯೋಜನೆ ಗೊತ್ತು ಮಾಡಿದ ಮೊತ್ತದಲ್ಲಿ, ಶೇಕಡಾ 30 ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಉದಾಹರಣೆಗೆ ಪ್ಯಾಕೇಜ್ 50 ಸಾವಿರದ್ದು ಅಂದುಕೊಳ್ಳಿ, ಸರ್ಕಾರದ್ದು 15 ಸಾವಿರ, ಉಳಿದ 35 ಸಾವಿರ ನಿಮ್ಮ ಕೈಯಿಂದ. ಅಡ್ಮಿಟ್ ಆದ ಮೇಲೆ ಇದು ಗೊತ್ತಾದರೆ ಎದೆ ಒಡೆದ ಹಾಗೆ ಆಗುತ್ತದೆ. ಮೊದಲೇ ನೋಡಿಕೊಳ್ಳಿ.

ಕಾರ್ಡ್ ಇನ್ನೂ ಮಾಡಿಸದಿದ್ದರೆ ಆಧಾರ್ ಮತ್ತು ರೇಷನ್ ಕಾರ್ಡ್ ತಗೊಂಡು ಹತ್ತಿರದ ಗ್ರಾಮ ಒನ್ ಕೇಂದ್ರಕ್ಕೆ ಹೋಗಿ. ರೇಷನ್ ಕಾರ್ಡ್‌ನಲ್ಲಿ ರೋಗಿಯ ಹೆಸರು ಇದೆಯಾ ಅಂತ ಕಣ್ಣಾರೆ ನೋಡಿ. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಕಾರ್ಡ್‌ನಲ್ಲೇ ಇರುತ್ತದೆ, ಮಗುವಿನ ಹೆಸರು ಸೇರಿಸಿಯೇ ಇರುವುದಿಲ್ಲ. ದಾಖಲೆ ತಡವಾಗುವುದು ಹೆಚ್ಚಾಗಿ ಇಲ್ಲೇ.

ರೆಫರಲ್ ಚೀಟಿ

ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ನಮ್ಮ ಭಾಗದಲ್ಲಿ ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆ, ಅಂದರೆ ಜನ ಇನ್ನೂ ವಿಮ್ಸ್ ಅಂತಲೇ ಕರೆಯುವುದು, ರಾಯಚೂರಿನ ರಿಮ್ಸ್, ಕೊಪ್ಪಳದ ವೈದ್ಯಕೀಯ ವಿಜ್ಞಾನ ಸಂಸ್ಥೆ ಇವೆ. ಅಲ್ಲಿ ಆಗದ ಚಿಕಿತ್ಸೆ ಆದರೆ ಅಲ್ಲಿನವರೇ ರೆಫರಲ್ ಚೀಟಿ ಬರೆದು ಯೋಜನೆಯಲ್ಲಿರುವ ಬೇರೆ ಆಸ್ಪತ್ರೆಗೆ ಕಳಿಸುತ್ತಾರೆ. ಚೀಟಿ ಇಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಮಲಗಿದರೆ ಆ ಬಿಲ್ಲು ನಿಮ್ಮದೇ.

ತುರ್ತು ಇದ್ದರೆ ಮಾತ್ರ ಚೀಟಿ ಬೇಡ. ಕರುಳು ತೂತಾದದ್ದು, ಪೂರ್ತಿ ಕಟ್ಟಿಕೊಂಡದ್ದು ತುರ್ತೇ. ಆಗ ಯೋಜನೆಯಲ್ಲಿರುವ ಯಾವ ಆಸ್ಪತ್ರೆಗಾದರೂ ನೇರವಾಗಿ ಹೋಗಬಹುದು. ಚೀಟಿಗೋಸ್ಕರ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಕಾಯುತ್ತ ಕೂರಬೇಡಿ.

ರಾಯಚೂರಿನವರು ಹೈದರಾಬಾದಿಗೆ, ಬಳ್ಳಾರಿಯವರು ಕರ್ನೂಲಿಗೆ ಹೋಗುವುದು ಮೊದಲಿಂದ ಇದ್ದದ್ದೇ. ಬೇರೆ ರಾಜ್ಯಕ್ಕೆ ಹೋಗುವುದಾದರೆ ಹೊರಡುವ ಮೊದಲು ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಫೋನ್ ಮಾಡಿ, ನಿಮ್ಮ ಕಾರ್ಡ್ ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಅಂತ ಹೆಸರು ಹೇಳಿ ಕೇಳಿ. ಸುಮ್ನೆ ಕಾರ್ಡ್ ಇದೆ ಅನ್ನುವ ಧೈರ್ಯದಲ್ಲಿ ಬಸ್ ಹತ್ತಬೇಡಿ.

ವಾರ್ಡ್‌ನಲ್ಲಿ ಇರುವಾಗ

ನನ್ನ ಪ್ರಕಾರ ಜನ ಕಳೆದುಕೊಳ್ಳುವುದು ಜಾಸ್ತಿ ಇಲ್ಲೇ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಯೋಜನೆಯಲ್ಲಿ ಆಸ್ಪತ್ರೆಗೆ ದುಡ್ಡು ಹೋಗುವುದು ಪ್ಯಾಕೇಜ್ ಲೆಕ್ಕದಲ್ಲಿ. ಕೊಲೊಸ್ಟಮಿಗೆ ಪ್ಯಾಕೇಜ್ ಇದೆ, ಇಲಿಯೊಸ್ಟಮಿಗೆ ಇದೆ, ಕರುಳಿನ ಕ್ಯಾನ್ಸರ್ ಆಪರೇಷನ್‌ಗಳಿಗೂ ಇದೆ. ಹಾಸಿಗೆ, ಡಾಕ್ಟರ ಫೀಸು, ಅರಿವಳಿಕೆ, ರಕ್ತ, ಔಷಧಿ, ಪರೀಕ್ಷೆ, ರೋಗಿಯ ಊಟ, ಬಳಸಿ ಬಿಸಾಡುವ ಸಾಮಾನು, ಎಲ್ಲವೂ ಅದರಲ್ಲೇ ಬಂತು. ಆಪರೇಷನ್ ಆದ ಮೇಲೆ ಹೊಟ್ಟೆಗೆ ಅಂಟಿಸುವ ಚೀಲವೂ ಈ ಬಳಸಿ ಬಿಸಾಡುವ ಸಾಮಾನಿನಲ್ಲೇ ಸೇರುತ್ತದೆ. ಹಾಗಾಗಿ ಬಿಪಿಎಲ್ ರೋಗಿಯ ಮನೆಯವರ ಕೈಗೆ ಚೀಟಿ ಕೊಟ್ಟು "ಹೊರಗಿಂದ ಚೀಲ ತನ್ನಿ" ಅನ್ನುವುದು ಸರಿಯಲ್ಲ.

ಆದರೂ ಹಾಗೆ ಹೇಳಿದರೆ ನರ್ಸಮ್ಮನ ಜೊತೆ ಜಗಳಕ್ಕೆ ಇಳಿಯಬೇಡಿ, ಅವರ ಕೈಯಲ್ಲಿ ಏನೂ ಇರುವುದಿಲ್ಲ. ಯೋಜನೆಯ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಯೋಜನೆಯ ಕೆಲಸದಲ್ಲಿ ನೆರವಾಗಲು ಆರೋಗ್ಯಮಿತ್ರ ಅಂತ ಒಬ್ಬರು ಇರುತ್ತಾರೆ. ಅವರ ಹತ್ತಿರ ಹೋಗಿ ಮೆತ್ತಗೆ, ಆದರೆ ಬಿಡದೆ ಕೇಳಿ: "ಮೇಡಂ, ನಮ್ಮದು ಬಿಪಿಎಲ್ ಐತಿ. ಚೀಲ ಪ್ಯಾಕೇಜ್‌ನಾಗ ಬರ್ತೈತಲ್ರೀ, ಹೊರಗ ಯಾಕ ತರಬೇಕ್ರೀ?" ಅವರು ಆಸ್ಪತ್ರೆಯವರಿಗೆ ಹೇಳಿ ಕೊಡಿಸಬೇಕು. ಅಲ್ಲೂ ಆಗದಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಅಥವಾ 14555ಕ್ಕೆ ದೂರು ಕೊಡಿ. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೂ ಬರೆದು ಕೊಡಬಹುದು. ಕಾಯಲು ಆಗದೆ ಹೊರಗೆ ಕೊಂಡರೆ ರೋಗಿಯ ಹೆಸರಲ್ಲೇ ಬಿಲ್ಲು ಮಾಡಿಸಿ. ಬಿಲ್ಲಿಲ್ಲದೆ ಕೊಟ್ಟ ದೂರಿಗೆ ಬಲ ಇರುವುದಿಲ್ಲ.

ಇನ್ನೊಂದು ಕೆಲಸವನ್ನೂ ಇದೇ ದಿನಗಳಲ್ಲಿ ಮುಗಿಸಿಕೊಳ್ಳಬೇಕು. ಚೀಲ ಬದಲಾಯಿಸುವುದನ್ನು ಮನೆಯ ಇಬ್ಬರಾದರೂ ನೋಡಿ ಕಲಿಯಿರಿ, ಒಂದು ಸಲ ನಿಮ್ಮ ಕೈಯಿಂದಲೇ ಮಾಡಿ, ಸಿಸ್ಟರ್ ನಿಂತು ನೋಡಲಿ. ಚೀಲ ಕೂರಿಸಲು ಚರ್ಮಕ್ಕೆ ಅಂಟಿಸುವ ಪ್ಲೇಟಿನ ತೂತು ಸ್ಟೋಮಾಕ್ಕಿಂತ ದೊಡ್ಡದಾಗಿ ಕತ್ತರಿಸಿದರೆ ಚರ್ಮಕ್ಕೆ ಮಲ ತಾಗುತ್ತದೆ, ಹುಣ್ಣು ಶುರುವಾಗುವುದೇ ಹೀಗೆ. ಸರಿಯಾಗಿ ಅಂಟಿಸಲು ಬರದೆ ದಿನಾ ಒಂದು ಪ್ಲೇಟು ಹಾಳು ಮಾಡಿದರೆ ಯಾವ ಯೋಜನೆಯ ದುಡ್ಡೂ ಸಾಲುವುದಿಲ್ಲ.

ಡಿಸ್ಚಾರ್ಜ್ ದಿನ

ಆಯುಷ್ಮಾನ್ ಭಾರತ್ ನಿಯಮದಲ್ಲಿ ಅಡ್ಮಿಟ್ ಆಗುವ 3 ದಿನ ಮೊದಲಿನ ಪರೀಕ್ಷೆ, ಔಷಧಿ ಮತ್ತು ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧಿ, ತಪಾಸಣೆ ಪ್ಯಾಕೇಜ್ ಒಳಗೇ ಇವೆ. ಈ 15 ದಿನಕ್ಕೆ ಬೇಕಾದ ಚೀಲ, ಪ್ಲೇಟು, ಪೇಸ್ಟನ್ನು ಔಷಧಿ ಜೊತೆಗೇ ಕೇಳಿ ಪಡೆಯಿರಿ. ಮನೆಗೆ ಬಂದು ವಾರ ಬಿಟ್ಟು ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಡಿಸ್ಚಾರ್ಜ್ ಕಾರ್ಡ್ ಕೈಗೆ ಬಂದ ಕೂಡಲೇ ಮಡಚಿ ಇಡಬೇಡಿ. ಯಾವ ಸ್ಟೋಮಾ ಅಂತ ಬರೆದಿದ್ದಾರಾ? ತಾತ್ಕಾಲಿಕವೋ ಕಾಯಮೋ? ತಾತ್ಕಾಲಿಕ ಆದರೆ ವಾಪಸ್ ಜೋಡಿಸಲು ಯಾವಾಗ ಬರಬೇಕು? ಇವು ಇಲ್ಲದಿದ್ದರೆ ಅಲ್ಲೇ ಬರೆಸಿ. ಅದರ ಜೊತೆ ಒಂದು ಬೇರೆ ಚೀಟಿಯಲ್ಲಿ ಡಾಕ್ಟರ ಸಹಿ, ಸೀಲು ಹಾಕಿಸಿ ತಿಂಗಳಿಗೆ ಬೇಕಾಗುವ ಸಾಮಾನು ಬರೆಸಿಕೊಳ್ಳಿ: ಒಂದೇ ಪೀಸಿನ ಚೀಲವೋ, ಪ್ಲೇಟು ಬೇರೆ ಚೀಲ ಬೇರೆ ಇರುವ ಎರಡು ಪೀಸಿನದೋ, ಸೈಜು ಎಷ್ಟು ಮಿಲಿಮೀಟರ್, ತಿಂಗಳಿಗೆ ಎಷ್ಟು. ಪ್ಲೇಟನ್ನು ನಾಲ್ಕು ದಿನಕ್ಕೊಮ್ಮೆ ಬದಲಾಯಿಸಿದರೆ ತಿಂಗಳಿಗೆ 8 ಬೇಕು. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲಲ್ಲಿ ಬೆವರಿಗೆ ಪ್ಲೇಟು ಬೇಗ ಬಿಟ್ಟುಕೊಳ್ಳುತ್ತದೆ, ಎರಡು ಜಾಸ್ತಿಯೇ ಬರೆಸಿ. ಮುಂದೆ ಎಲ್ಲಿಗೇ ಅರ್ಜಿ ಹಾಕಿದರೂ ಮೊದಲು ಕೇಳುವುದು ಈ ಚೀಟಿಯನ್ನೇ.

ಒಂದು ಎಚ್ಚರಿಕೆ. ಆಪರೇಷನ್ ಆದ ಹೊಸದರಲ್ಲಿ ಸ್ಟೋಮಾ ಊದಿಕೊಂಡಿರುತ್ತದೆ, ಆರರಿಂದ ಎಂಟು ವಾರದಲ್ಲಿ ಸಣ್ಣದಾಗುತ್ತದೆ. ಆ ಹೊತ್ತಿಗೆ ಸೈಜೂ ಬದಲಾಗಬಹುದು. ಅಗ್ಗಕ್ಕೆ ಸಿಕ್ಕಿತು ಅಂತ ಮೊದಲೇ ಆರು ತಿಂಗಳಿಗಾಗುವಷ್ಟು ತಂದು ಇಟ್ಟುಕೊಳ್ಳಬೇಡಿ.

ಎರಡು ವಾರ ದಾಟಿದ ಮೇಲೆ ದುಡ್ಡು ಎಲ್ಲಿಂದ

ಆಯುಷ್ಮಾನ್ ಯೋಜನೆ ಇರುವುದು ಅಡ್ಮಿಟ್ ಆದವರಿಗೆ. ಹೊರರೋಗಿಗೆ ತಿಂಗಳು ತಿಂಗಳು ಚೀಲ ಕೊಡುವ ವ್ಯವಸ್ಥೆ ಅದರಲ್ಲಿ ಇಲ್ಲ. ಕಾಯಂ ಸ್ಟೋಮಾ ಇದ್ದವರಿಗೆ ಬದುಕಿರುವವರೆಗೂ ಚೀಲ ಬೇಕು. ಆಪರೇಷನ್‌ಗೆ ಲಕ್ಷಗಟ್ಟಲೆ ಕೊಡುವ ಸರ್ಕಾರ ಇದೊಂದನ್ನು ಹೊರಗಿಟ್ಟಿರುವುದು ದೊಡ್ಡ ಅನ್ಯಾಯ ಅಂತಲೇ ನಾನು ಹೇಳುತ್ತೇನೆ. ಅಂಗವಿಕಲರ ಕಾರ್ಡ್ ಮಾಡಿಸಿದರೆ ಆಗುತ್ತದೆ ಅಂತ ಕೆಲವರು ಓಡಾಡಿಸುತ್ತಾರೆ. 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ, ಸ್ಟೋಮಾ ಅದರಲ್ಲಿ ಇಲ್ಲ. ಆ ದಾರಿಗೆ ದುಡ್ಡು ಸುರಿಯಬೇಡಿ.

ಹಾಗಾದರೆ ಯಾವ ದಾರಿ ಇದೆ?

ಮನೆಯಲ್ಲಿ ಯಾರಿಗಾದರೂ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇದೆಯಾ ನೋಡಿ. ತಿಂಗಳ ಸಂಬಳ 21 ಸಾವಿರದವರೆಗೆ ಇದ್ದು, ಸಂಬಳದಲ್ಲಿ ಶೇಕಡಾ 0.75 ಇಎಸ್‌ಐಗೆ ಕಡಿತ ಆಗುತ್ತಿದ್ದರೆ ಇದೆ ಅಂತ ಅರ್ಥ. ತೋರಣಗಲ್ಲು ಕಡೆಯ ಕಾರ್ಖಾನೆಗಳಲ್ಲಿ ಗುತ್ತಿಗೆ ಕೆಲಸ ಮಾಡುವ ಎಷ್ಟೋ ಹುಡುಗರಿಗೆ ಸಂಬಳದ ಚೀಟಿಯಲ್ಲಿ ಇದು ಕಡಿತ ಆಗುವುದೇ ಗೊತ್ತಿರುವುದಿಲ್ಲ. ಇಎಸ್‌ಐನಲ್ಲಿ ಹೊರರೋಗಿ ಚಿಕಿತ್ಸೆಯೂ ಇದೆ, ಅವರನ್ನೇ ನಂಬಿಕೊಂಡಿರುವ ಅಪ್ಪ ಅಮ್ಮನೂ ಅದರಲ್ಲಿ ಬರುತ್ತಾರೆ. ಡಾಕ್ಟರ ಚೀಟಿ ತಗೊಂಡು ನಿಮ್ಮ ಡಿಸ್ಪೆನ್ಸರಿಗೆ ಹೋಗಿ, ಚೀಲ ಬೇಕು ಅಂತ ಬರವಣಿಗೆಯಲ್ಲೇ ಕೇಳಿ. ಹೊರಗೆ ಕೊಳ್ಳುವ ಮೊದಲು ಅನುಮತಿ ಪತ್ರ ಕೇಳುವುದು ಮರೆಯಬೇಡಿ.

ಗೌಂಡಿ ಕೆಲಸದವರು ಕಾರ್ಮಿಕ ಕಾರ್ಡ್ ಮಾಡಿಸಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ವೈದ್ಯಕೀಯ ನೆರವು ಇದೆ. ಲಿಂಗಸುಗೂರು, ಕುಷ್ಟಗಿ ಕಡೆಯಿಂದ ಬೆಂಗಳೂರಿಗೆ ದುಡಿಯಲು ಹೋದವರ ಹತ್ತಿರ ಈ ಕಾರ್ಡ್ ಇರುತ್ತದೆ, ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ. ಚಾಲ್ತಿಯಲ್ಲಿ ಇದೆಯಾ ನೋಡಿ, ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಕೇಳಿ. ಅರ್ಜಿಗೆ ಗಡುವು ಇರುತ್ತದೆ, ತಡ ಮಾಡಬೇಡಿ.

ಮುಖ್ಯಮಂತ್ರಿ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು. ಆಧಾರ್, ರೇಷನ್ ಕಾರ್ಡ್, ಡಿಸ್ಚಾರ್ಜ್ ಕಾರ್ಡ್, ಅಸಲಿ ಬಿಲ್ಲುಗಳು, ಬ್ಯಾಂಕ್ ಪಾಸ್‌ಬುಕ್ ಬೇಕು. ಕೊಡುವ ಮೊದಲು ಎಲ್ಲದರ ಜೆರಾಕ್ಸ್ ಇಟ್ಟುಕೊಳ್ಳಿ. ಶಾಸಕರ ಕಚೇರಿಯಿಂದ ಪತ್ರ ಸಿಕ್ಕರೆ ಅನುಕೂಲ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿ ಅಂತ ಇರುತ್ತದೆ, ಅದರ ಹಣದಲ್ಲಿ ಕೊಡಿಸಿ ಅಂತ ಮುಖ್ಯ ವೈದ್ಯಾಧಿಕಾರಿಗೆ ಒಂದು ಅರ್ಜಿ ಬರೆದು ಕೊಟ್ಟು ನೋಡಿ. ಬಾಯಲ್ಲಿ ಕೇಳಿದ್ದು ಉಳಿಯುವುದಿಲ್ಲ, ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ, ಆದರೆ ಅದೂ ಮುಖ್ಯವಾಗಿ ಆಪರೇಷನ್‌ನಂಥ ಆಸ್ಪತ್ರೆ ಚಿಕಿತ್ಸೆಗೆ. ಚೀಲಕ್ಕೆ ಅದನ್ನು ನೆಚ್ಚಬೇಡಿ.

ಕೈಯಿಂದ ಕೊಳ್ಳಲೇಬೇಕಾದರೆ ಬಿಲ್ಲು ಓದಿ. ಸ್ಟೋಮಾ ಚೀಲ, ಪ್ಲೇಟು, ಪೇಸ್ಟು, ಬೆಲ್ಟಿನ ಜಿಎಸ್‌ಟಿಯನ್ನು 2022ರ ಜುಲೈ 18ರಿಂದ ಶೇಕಡಾ 12ರಿಂದ 5ಕ್ಕೆ ಇಳಿಸಿದ್ದಾರೆ. ಹಳೇ ದರ ಹಾಕಿದ್ದರೆ ಕೇಳಿ. ತಂದ ಚೀಲವನ್ನು ತಗಡಿನ ಶೆಡ್ಡಿನಲ್ಲಿ, ಬಿಸಿಲು ಬೀಳುವ ಕಿಟಕಿ ಹತ್ತಿರ ಇಡಬೇಡಿ, ಅಂಟು ಕೆಡುತ್ತದೆ. ಚೀಲ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿದರೆ ಭಾರಕ್ಕೆ ಪ್ಲೇಟು ಕಿತ್ತು ಬರುವುದಿಲ್ಲ, ನಾಲ್ಕು ದಿನ ತಾಳುತ್ತದೆ.

ವಾಪಸ್ ಜೋಡಿಸುವ ಆಪರೇಷನ್

ತಾತ್ಕಾಲಿಕ ಸ್ಟೋಮಾ ಇದ್ದವರು ಇದನ್ನು ಎರಡು ಸಲ ಓದಿ. ಚೀಲದ ಖರ್ಚು ಪೂರ್ತಿ ನಿಲ್ಲುವ ದಾರಿ ಇದೊಂದೇ.

ಕೊಲೊಸ್ಟಮಿ ಮುಚ್ಚುವುದಕ್ಕೆ, ಇಲಿಯೊಸ್ಟಮಿ ಮುಚ್ಚುವುದಕ್ಕೆ ಯೋಜನೆಯಲ್ಲಿ ಬೇರೆಯೇ ಪ್ಯಾಕೇಜ್ ಇದೆ. ಒಮ್ಮೆ ಕಾರ್ಡ್ ಬಳಸಿದ್ದೇವೆ, ಇನ್ನು ಸಿಗುವುದಿಲ್ಲ ಅಂದುಕೊಂಡು ವರ್ಷಗಟ್ಟಲೆ ಚೀಲ ಹಾಕಿಕೊಂಡೇ ಇರುವವರಿದ್ದಾರೆ. ಹಾಗೇನಿಲ್ಲ. ಆ ವರ್ಷದ 5 ಲಕ್ಷದಲ್ಲಿ ದುಡ್ಡು ಉಳಿದಿದ್ದರೆ ಅದೇ ವರ್ಷ, ಮುಗಿದಿದ್ದರೆ ಮುಂದಿನ ವರ್ಷ ಮತ್ತೆ ಸಿಗುತ್ತದೆ. ಎಷ್ಟು ಉಳಿದಿದೆ ಅಂತ ಆರೋಗ್ಯಮಿತ್ರ ನೋಡಿ ಹೇಳುತ್ತಾರೆ. ಮಲದ್ವಾರ ಇಲ್ಲದೆ ಹುಟ್ಟಿದ ಮಕ್ಕಳಿಗೆ ಸಾಮಾನ್ಯವಾಗಿ ಮೂರು ಹಂತದ ಆಪರೇಷನ್ ಇರುತ್ತದೆ: ಮೊದಲು ಕೊಲೊಸ್ಟಮಿ, ಆಮೇಲೆ ದ್ವಾರ ಮಾಡುವುದು, ಕೊನೆಗೆ ಮುಚ್ಚುವುದು. ಅವಕ್ಕೂ ಪ್ಯಾಕೇಜ್‌ಗಳಿವೆ, ಆದರೆ ಎರಡನೇ ಹಂತ ಬರುವಷ್ಟರಲ್ಲಿ ಮಗುವಿನ ಆಧಾರ್ ಆಗಿ ರೇಷನ್ ಕಾರ್ಡ್‌ಗೆ ಹೆಸರು ಸೇರಿರಬೇಕು. ಜನನ ಪ್ರಮಾಣಪತ್ರ ಕೈಗೆ ಬಂದ ದಿನವೇ ಆ ಕೆಲಸಕ್ಕೆ ಕೈ ಹಾಕಿ.

ಡಿಸ್ಚಾರ್ಜ್ ಕಾರ್ಡ್‌ನಲ್ಲಿ ಬರೆದ ದಿನಕ್ಕೆ ಸರಿಯಾಗಿ ಸರ್ಜರಿ ಓಪಿಡಿಗೆ ಹೋಗಿ. ಕ್ಯಾನ್ಸರ್‌ಗೆ ಕಿಮೋ ನಡೆಯುತ್ತಿದ್ದರೆ ಡಾಕ್ಟರು ಮುಂದಕ್ಕೆ ಹಾಕಬಹುದು, ಆಗ ಹೊಸ ದಿನ ಬರೆಸಿಕೊಳ್ಳಿ. ಮುಚ್ಚುವ ಮೊದಲು ಸ್ಟೋಮಾ ಮೂಲಕ ಔಷಧಿ ಬಿಟ್ಟು ಕರುಳಿನ ಎಕ್ಸ್‌ರೇ ತೆಗೆಸುವುದುಂಟು, ರಕ್ತ ಪರೀಕ್ಷೆಗಳೂ ಇರುತ್ತವೆ. ಇವನ್ನು ತಿಂಗಳು ಮೊದಲೇ ಹೊರಗೆ ಮಾಡಿಸಿದರೆ ಆ ದುಡ್ಡು ವಾಪಸ್ ಬರುವುದಿಲ್ಲ. ಅಡ್ಮಿಟ್ ಆದ ಮೇಲೆ ಅಥವಾ ಅದರ ಹಿಂದಿನ 3 ದಿನದೊಳಗೆ ಅದೇ ಆಸ್ಪತ್ರೆಯಲ್ಲಿ ಮಾಡಿಸಲು ಆಗುತ್ತದಾ ಅಂತ ಡಾಕ್ಟರನ್ನೂ ಆರೋಗ್ಯಮಿತ್ರರನ್ನೂ ಕೇಳಿಕೊಂಡೇ ಅಡ್ಮಿಟ್ ಆಗುವ ದಿನ ಗೊತ್ತು ಮಾಡಿ.